ಡಿಸ್ಕ್ ಕೆಟ್ಟಿದೆಯೋ, ಅದರ ವಹಿ ಕೆಟ್ಟಿದೆಯೋ?

ಕಲಬುರಗಿಯ ಗಂಜ್‌ನಲ್ಲಿ ನಮ್ಮ ಕಾಕಾ ಅವರ ಅಡತ್ ಅಂಗಡಿ ಇದೆ. ತೊಗರಿ ಬರುವ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೇ ತಿಂಗಳಲ್ಲಿ ಮಾತ್ರ ನೊಣ ಹೊಡೆಯುವಷ್ಟು ಬಿಡುವು. ಅಂಥ ಒಂದು ಮಧ್ಯಾಹ್ನ, ಹೊರಗೆ ಬಿಸಿಲು ಧಗಧಗ ಅನ್ನುವಾಗ, ಕಾಕಾ ಮಗಳ ಮದುವೆಯ ಫೋಟೊಗಳನ್ನು ಒಂದು ಕಡೆ ಜೋಡಿಸುತ್ತ ಕೂತಿದ್ದರು. ಬೀಗರು ಕೊಟ್ಟ ಫೋಟೊಗಳನ್ನೂ ಅದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಹಾಕುತ್ತಿದ್ದರು. ಅರ್ಧಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲವೋ ಆಗಿತ್ತು. ಕರೆಂಟ್ ಬಂದ ಮೇಲೆ ಡಿಸ್ಕ್ ತೆರೆಯಿತು, ಮದುವೆಯ ಫೋಲ್ಡರ್ ತೆರೆಯಲಿಲ್ಲ. ಕೆಟ್ಟಿದೆ, ಓದಲು ಆಗುತ್ತಿಲ್ಲ ಎಂಬ ಸಂದೇಶ ಬಂತು.

ಆಗ ಫೋನ್ ಬಂತು. "ತಮ್ಮಾ, ಸ್ಕ್ಯಾನ್ ಮಾಡಿ ರಿಪೇರಿ ಮಾಡ್ಲ್ಯಾ ಅಂತ ಕೇಳ್ಲಕತ್ತದ. ಹೂಂ ಅನ್ಲೋ, ಬ್ಯಾಡ ಅನ್ಲೋ?"

"ಏನೂ ಒತ್ತಬ್ಯಾಡ್ರಿ ಕಾಕಾ, ನಾ ಬಂದೆ."

ರಿಪೇರಿ ಮಾಡಲಾ ಅಂತ ಯಂತ್ರವೇ ಕೇಳುವಾಗ ಬೇಡ ಅನ್ನುವುದು ಯಾಕೆ? ಪಕ್ಕದ ಅಂಗಡಿಯ ಹುಡುಗ ಆಗಲೇ "ಚೆಕ್‌ಡಿಸ್ಕ್ ಓಡಿಸಿ, ಎಲ್ಲಾ ಸರಿ ಆಗುತ್ತದೆ" ಅಂತ ಹೇಳಿದ್ದ. ಚೆಕ್‌ಡಿಸ್ಕ್ ಅಂದರೆ ಡಿಸ್ಕ್ ತಪಾಸಣೆ ಮಾಡಿ ತಿದ್ದುವ ವಿಂಡೋಸ್‌ನ ಕಮಾಂಡ್. ಅವನ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ರಿಪೇರಿಯಲ್ಲಿ ಸರಿಯಾಗುವುದು ಏನು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಗೋದಾಮು ಮತ್ತು ವಹಿ

ಕಾಕಾ ಅವರಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಅಂದರೆ ಒಂದು ಗೋದಾಮು. ಒಳಗೆ ನೆಲದ ತುಂಬ ಸಣ್ಣ ಸಣ್ಣ ಕಟ್ಟೆಗಳು. ಒಂದೊಂದಕ್ಕೂ ಒಂದು ನಂಬರ್. ಇವುಗಳ ಹೆಸರು ಸೆಕ್ಟರ್. ಒಂದು ಸೆಕ್ಟರ್‌ನಲ್ಲಿ 512 ಬೈಟ್ ಹಿಡಿಸುತ್ತದೆ, ಹೊಸ ಡಿಸ್ಕ್‌ಗಳಲ್ಲಿ 4096 ಬೈಟ್. ವಿಂಡೋಸ್ ಒಂದಷ್ಟು ಸೆಕ್ಟರ್‌ಗಳನ್ನು ಸೇರಿಸಿ ಒಂದು ಕಟ್ಟು ಅಂತ ಲೆಕ್ಕ ಹಿಡಿಯುತ್ತದೆ. ಅದು ಕ್ಲಸ್ಟರ್. ಸಾಮಾನ್ಯವಾಗಿ ಒಂದು ಕ್ಲಸ್ಟರ್ 4096 ಬೈಟ್ ಇರುತ್ತದೆ. ಆ ಲೆಕ್ಕದಲ್ಲಿ 1 ಟೆರಾಬೈಟ್ ಡಿಸ್ಕ್‌ನಲ್ಲಿ ಸುಮಾರು 24 ಕೋಟಿ ಕ್ಲಸ್ಟರ್! 5 ಎಂಬಿಯ ಒಂದು ಫೋಟೊಕ್ಕೇ 1,200ಕ್ಕಿಂತ ಜಾಸ್ತಿ ಬೇಕು. ಅವೆಲ್ಲ ಒಂದರ ಪಕ್ಕ ಒಂದು ಇರಬೇಕು ಅಂತ ಏನೂ ಇಲ್ಲ. ಖಾಲಿ ಎಲ್ಲಿದೆಯೋ ಅಲ್ಲಿ ಇಳಿಸುತ್ತದೆ, ಥೇಟ್ ಹಮಾಲರು ಚೀಲ ಇಳಿಸಿದ ಹಾಗೆ.

ಹಾಗಾದರೆ ಯಾವ ಚೀಲ ಯಾರದು ಅಂತ ಗೊತ್ತಾಗುವುದು ಹೇಗೆ? ಮುನೀಮರ ವಹಿ ನೋಡಿ, ಅಲ್ವಾ? ಡಿಸ್ಕ್‌ನಲ್ಲೂ ಅಂಥ ವಹಿ ಇದೆ. ಅದಕ್ಕೆ ಫೈಲ್ ಸಿಸ್ಟಂ ಅನ್ನುತ್ತಾರೆ. ಈ ಫೋಟೊ ಇಷ್ಟು ದೊಡ್ಡದು, ಇಂತಿಂಥ ನಂಬರಿನ ಜಾಗದಲ್ಲಿದೆ, ಈ ಫೋಲ್ಡರ್‌ಗೆ ಸೇರಿದ್ದು, ಇಷ್ಟು ಜಾಗ ಖಾಲಿ ಇದೆ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ. ವಹಿ ಕೂಡ ಅದೇ ಗೋದಾಮಿನ ಒಂದು ಮೂಲೆಯಲ್ಲೇ ಇರುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿಂದ.

ಇದೊಂದು ತಿಳಿದರೆ ಹಲವು ಒಗಟು ಬಿಡುತ್ತವೆ. ಫೈಲ್ ಅಳಿಸಿದರೆ ಚೀಲ ಹೊರಗೆ ಹೋಗುವುದಿಲ್ಲ, ವಹಿಯ ಸಾಲಿಗೆ ಗೀಟು ಬೀಳುತ್ತದೆ ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಅಂದರೆ ಹಳೆಯ ವಹಿ ಎಸೆದು ಖಾಲಿ ವಹಿ ಇಡುವುದು. ವಿಂಡೋಸ್ ಒಮ್ಮೊಮ್ಮೆ ಡ್ರೈವ್ ತೋರಿಸಿ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಅನ್ನುತ್ತದೆ. ಆಗ ವಹಿಯ ಮೊದಲ ಪುಟವೇ ಅದಕ್ಕೆ ಓದಲು ಬರುತ್ತಿಲ್ಲ ಅಂತ ಅರ್ಥ. ಇಂಥ ಡ್ರೈವ್‌ಗೆ ರಾ ಡ್ರೈವ್ ಎಂಬ ಹೆಸರು. ಚೆಕ್‌ಡಿಸ್ಕ್ ಅದನ್ನು ಮುಟ್ಟುವುದೇ ಇಲ್ಲ.

ಕೆಡುವುದು ಎರಡು ಥರ

ವಹಿ ಕೆಡುವುದು ಒಂದು ಥರ. ಕರೆಂಟ್ ಹೋಗುವುದು, ಬರೆಯುತ್ತಿರುವಾಗಲೇ ಪೆನ್ ಡ್ರೈವ್ ಕಿತ್ತುಕೊಳ್ಳುವುದು, ಕಂಪ್ಯೂಟರ್ ಹ್ಯಾಂಗ್ ಆಯಿತು ಅಂತ ಬಟನ್ ಒತ್ತಿ ಹಿಡಿದು ಆರಿಸುವುದು, ಎಲ್ಲವೂ ಇಲ್ಲಿಗೇ ಬರುತ್ತವೆ. ಮುನೀಮರು ಸಾಲು ಬರೆಯುತ್ತಿರುವಾಗ ಯಾರೋ ದೀಪ ಆರಿಸಿದಂತೆ. ಚೀಲ ಇಳಿದಿದೆ, ಹೆಸರು ಬರೆದಿಲ್ಲ. ಇಲ್ಲವೇ ಹೆಸರು ಬರೆದಿದೆ, ಚೀಲ ಇನ್ನೂ ಬಂಡಿಯಲ್ಲೇ ಇದೆ.

ಹಳೆಯ ಮುನೀಮರು ಇದಕ್ಕೊಂದು ಉಪಾಯ ಮಾಡುತ್ತಿದ್ದರು. ಮೊದಲು ಕಚ್ಚಾ ಚೀಟಿಯಲ್ಲಿ ಬರೆದುಕೊಳ್ಳುವುದು, ಆಮೇಲೆ ಪಕ್ಕಾ ವಹಿಗೆ ಏರಿಸುವುದು. 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂ ಮಾಡುವುದೂ ಇದನ್ನೇ. ಕರೆಂಟ್ ಬಂದ ಮೇಲೆ ಅದು ಕಚ್ಚಾ ಚೀಟಿ ನೋಡಿ, ಅರ್ಧಕ್ಕೆ ನಿಂತ ಬರವಣಿಗೆಯನ್ನು ಪೂರ್ತಿ ಮಾಡುತ್ತದೆ ಅಥವಾ ಹೊಡೆದುಹಾಕುತ್ತದೆ. ಪೆನ್ ಡ್ರೈವ್‌ಗಳಲ್ಲಿರುವ ಫ್ಯಾಟ್32, ಎಕ್ಸ್‌ಫ್ಯಾಟ್‌ಗಳಿಗೆ ಈ ಅಭ್ಯಾಸ ಇಲ್ಲ. ನೇರ ಪಕ್ಕಾ ವಹಿಯಲ್ಲೇ ಬರೆಯುತ್ತವೆ. ಕಾಕಾ ಅವರ ಡಿಸ್ಕ್ ಎಕ್ಸ್‌ಫ್ಯಾಟ್ ಆಗಿತ್ತು. ಟಿವಿಗೂ ಹಾಕಿ ನೋಡಲು ಅನುಕೂಲ ಅಂತ ಹಾಗೆ ಮಾಡಿಸಿಕೊಂಡಿದ್ದರು.

ಇನ್ನೊಂದು ಥರದಲ್ಲಿ ಗೋದಾಮಿನ ನೆಲವೇ ಕೆಡುತ್ತದೆ. ಒಂದು ಮೂಲೆ ಸೋರುತ್ತದೆ, ಅಲ್ಲಿಟ್ಟ ಚೀಲ ಬೂಸ್ಟು ಹಿಡಿಯುತ್ತದೆ. ಇದು ಬ್ಯಾಡ್ ಸೆಕ್ಟರ್. ಹಾರ್ಡ್ ಡಿಸ್ಕ್ ಒಳಗೆ ತಟ್ಟೆಯೊಂದು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಓದುವ ಮುಳ್ಳು ಅದನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ತಿರುಗುವಾಗ ಡಿಸ್ಕ್ ಕೈಜಾರಿ ಬಿದ್ದರೆ ಮುಳ್ಳು ತಟ್ಟೆಗೆ ತಾಗಿ ಗೀರು ಬೀಳಬಹುದು. ನೆಲ ಕೆಟ್ಟಿದ್ದರೆ ಅದನ್ನು ಯಾವ ಕಮಾಂಡ್ ಕೂಡ ಮತ್ತೆ ಗಟ್ಟಿ ಮಾಡುವುದಿಲ್ಲ. "ಈ ಮೂಲೆಗೆ ಇನ್ನು ಚೀಲ ಇಳಿಸಬೇಡಿ" ಅಂತ ವಹಿಯಲ್ಲಿ ಬರೆದಿಡಬಹುದು, ಅಷ್ಟೇ.

ಮೂರನೆಯದೂ ಒಂದಿದೆ, ಬಹಳ ಸಲ ಎಲ್ಲರೂ ಮರೆಯುವುದು. ಗೋದಾಮೂ ಸರಿ, ವಹಿಯೂ ಸರಿ, ರಸ್ತೆ ಕೆಟ್ಟಿರುತ್ತದೆ. ಅಂದರೆ ಕೇಬಲ್. ಮೊದಲು ಬೇರೆ ಕೇಬಲ್, ಬೇರೆ ಯುಎಸ್‌ಬಿ ಕಿಂಡಿ ಹಾಕಿ ನೋಡಿ. ಸುಮ್ನೆ ಹೇಳುತ್ತಿಲ್ಲ, ಎಷ್ಟೋ "ಸತ್ತ" ಡಿಸ್ಕ್‌ಗಳು ಅಷ್ಟಕ್ಕೇ ಎದ್ದು ಕೂತಿವೆ.

ಕಪ್ಪು ಕಿಟಕಿ ಯಾಕೆ ಬೇಕು?

ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಟೂಲ್ಸ್, ಚೆಕ್ ಅಂತ ಒತ್ತಿದರೂ ತಪಾಸಣೆ ನಡೆಯುತ್ತದೆ. ಆದರೆ ಅಲ್ಲಿ ಏನು ಮಾಡಬೇಕು, ಎಷ್ಟು ಮಾಡಬೇಕು ಅಂತ ನಾವು ಹೇಳಲು ಜಾಸ್ತಿ ಅವಕಾಶ ಇಲ್ಲ. ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ "ಬರೀ ನೋಡು, ಮುಟ್ಟಬೇಡ" ಅಂತ ಹೇಳಬಹುದು. ಕಂಡದ್ದನ್ನೆಲ್ಲ ಅದು ಬರೆದು ತೋರಿಸುತ್ತದೆ. ವಿಂಡೋಸ್ ಶುರುವಾಗದೇ ಹೋದರೂ ರಿಕವರಿ ಪರದೆಯಿಂದ ಇದೇ ಕಿಟಕಿ ತೆರೆಯುತ್ತದೆ.

ತೆರೆಯಲು ಸ್ಟಾರ್ಟ್ ಒತ್ತಿ, ಸಿಎಂಡಿ ಎಂದು ಮೂರು ಅಕ್ಷರ ಹೊಡೆಯಿರಿ. ಕಮಾಂಡ್ ಪ್ರಾಂಪ್ಟ್ ಕಾಣುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಆರಿಸಿ. ಮಾಲೀಕರ ಬೀಗದ ಕೈ ಇಲ್ಲದೆ ಗೋದಾಮಿನ ವಹಿ ಮುಟ್ಟಲು ಬಿಡುವುದಿಲ್ಲ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಅವೇ ಇಂಗ್ಲಿಷ್ ಅಕ್ಷರಗಳನ್ನು ಹೊಡೆಯಬೇಕು. ಓರೆಗೆರೆ ಅಂದರೆ ಪ್ರಶ್ನೆ ಚಿಹ್ನೆ ಇರುವ ಕೀಯಲ್ಲೇ ಇರುವ ಗೆರೆ. ಚೆಕ್‌ಡಿಸ್ಕ್ ಹೆಸರನ್ನು ಸಿ, ಎಚ್, ಕೆ, ಡಿ, ಎಸ್, ಕೆ ಎಂದು ಆರು ಅಕ್ಷರದಲ್ಲಿ ಬರೆಯಬೇಕು. ಫೈಲ್ ಹೆಸರಿಗೆ ಎಂಟೇ ಅಕ್ಷರ ಇರಬೇಕು ಎನ್ನುತ್ತಿದ್ದ ಡಾಸ್ ಕಾಲದಿಂದ ಬಂದ ಮುದುಕ ಇದು.

ಮೊದಲು ನಾಡಿ ಹಿಡಿಯಿರಿ

ರಿಪೇರಿಗೆ ಮೊದಲು ನೆಲ ಗಟ್ಟಿ ಇದೆಯೋ ಇಲ್ಲವೋ ತಿಳಿಯಬೇಕು. ಈಗಿನ ಡಿಸ್ಕ್‌ಗಳು ತಮ್ಮ ಆರೋಗ್ಯದ ಲೆಕ್ಕ ತಾವೇ ಇಟ್ಟುಕೊಳ್ಳುತ್ತವೆ. ಈ ಏರ್ಪಾಡಿಗೆ ಸ್ಮಾರ್ಟ್ ಎಂದು ಹೆಸರು. ಕಮಾಂಡ್ ಹೊಡೆಯಲು ವಿಂಡೋಸ್‌ನಲ್ಲಿರುವ ಇನ್ನೊಂದು ಕಿಟಕಿ ಪವರ್‌ಶೆಲ್. ಅದರಲ್ಲಿ ಹೀಗೆ ಕೇಳಿ:

ಗೆಟ್-ಫಿಸಿಕಲ್‌ಡಿಸ್ಕ್

ಹೆಲ್ದಿ, ವಾರ್ನಿಂಗ್, ಅನ್‌ಹೆಲ್ದಿ ಎಂಬ ಮೂರರಲ್ಲಿ ಒಂದು ಉತ್ತರ ಸಾಮಾನ್ಯವಾಗಿ ಬರುತ್ತದೆ. ಎರಡನೆಯದೋ ಮೂರನೆಯದೋ ಬಂದರೆ ನಂಬಿ. ಮೊದಲನೆಯದು ಬಂದರೆ ಪೂರ್ತಿ ನಂಬಬೇಡಿ. ಆರಾಮ ಇದ್ದೀನಿ ಅನ್ನುತ್ತಲೇ ಮಲಗಿದ ಡಿಸ್ಕ್‌ಗಳೂ ಇವೆ.

ವಿವರ ಬೇಕಿದ್ದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬೇಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಅದರ ಕಮಾಂಡ್ ಸ್ಮಾರ್ಟ್‌ಸಿಟಿಎಲ್. ಮೊದಲು ಎರಡು ಅಡ್ಡಗೆರೆ ಹಾಕಿ ಸ್ಕ್ಯಾನ್ ಅಂದರೆ ಡಿಸ್ಕ್‌ಗಳ ಹೆಸರು ಕೊಡುತ್ತದೆ, ಆಮೇಲೆ ಅಡ್ಡಗೆರೆ ಎ ಹಾಕಿ ಆ ಹೆಸರು ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಹೆದರಬೇಡಿ, ನಾಲ್ಕೇ ಸಾಲು ನೋಡಿದರೆ ಸಾಕು. 5ನೇ ನಂಬರ್, ಕೆಟ್ಟ ಜಾಗ ಬಿಟ್ಟು ಮೀಸಲು ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ ಎಣಿಕೆ. 197, ಓದಲು ಆಗದೆ ಅನುಮಾನದಲ್ಲಿ ಇಟ್ಟವು. 198, ಡಿಸ್ಕ್ ತಾನೇ ಪರೀಕ್ಷೆ ಮಾಡಿಕೊಳ್ಳುವಾಗಲೂ ಓದಲು ಆಗದವು. 199 ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲ್ ತಪ್ಪು. ಸಾಲಿನ ಕೊನೆಯಲ್ಲಿರುವ ಅಂಕಿ ಸೊನ್ನೆ ಇದ್ದರೆ ಒಳ್ಳೆಯದು. ಇದ್ದಷ್ಟೇ ಇದ್ದರೆ ಕಣ್ಣಿಟ್ಟಿರಿ. ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್‌ನ ಆಸೆ ಬಿಡಿ. ಕೆಲವು ಎಕ್ಸ್‌ಟರ್ನಲ್ ಡಬ್ಬಿಗಳು ಮಾತ್ರ ಈ ಮಾಹಿತಿಯನ್ನು ಹೊರಗೆ ಬಿಡುವುದಿಲ್ಲ.

ಕಾಕಾ ಅವರ ಡಿಸ್ಕ್‌ನಲ್ಲಿ 197ರ ಮುಂದೆ 8 ಇತ್ತು. ಅಂದರೆ ವಹಿಯೂ ಕೆಟ್ಟಿತ್ತು, ನೆಲವೂ ಸ್ವಲ್ಪ ಸೋರುತ್ತಿತ್ತು.

ರಿಪೇರಿಗಿಂತ ಮೊದಲು ನಕಲು

ಇಡೀ ಲೇಖನದಲ್ಲಿ ಒಂದೇ ಒಂದು ಭಾಗ ಓದುವವರು ಇದನ್ನು ಓದಿ. ಚೆಕ್‌ಡಿಸ್ಕ್‌ಗೆ ನಿಮ್ಮ ಫೋಟೊಗಳ ಚಿಂತೆ ಇಲ್ಲ. ಅದರ ಕೆಲಸ ವಹಿಯನ್ನು ಒಪ್ಪ ಮಾಡುವುದು. ಮುನೀಮರಿಗೆ ಎರಡು ಸಾಲು ಒಂದಕ್ಕೊಂದು ತಾಳೆ ಆಗದೇ ಇದ್ದಾಗ ಒಂದನ್ನು ಹೊಡೆದುಹಾಕಿ ಲೆಕ್ಕ ಸರಿ ಮಾಡುತ್ತಾರೆ. ಲೆಕ್ಕ ಸರಿಯಾಗುತ್ತದೆ. ಆದರೆ ಹೊಡೆದುಹಾಕಿದ ಸಾಲು ನಿಮ್ಮ ಚೀಲದ್ದೇ ಆಗಿದ್ದರೆ? ಜೊತೆಗೆ, ನೆಲ ಸೋರುವ ಗೋದಾಮಿನಲ್ಲಿ ಇಡೀ ದಿನ ಓಡಾಡಿದರೆ ನೆಲ ಇನ್ನಷ್ಟು ಕುಸಿಯುತ್ತದೆ.

ಅದಕ್ಕೇ ಓದಲು ಬರುವುದನ್ನೆಲ್ಲ ಮೊದಲು ಬೇರೆ ಡಿಸ್ಕ್‌ಗೆ ಸಾಗಿಸಬೇಕು. ಕಾಪಿ-ಪೇಸ್ಟ್ ಮಾಡಿದರೆ ಒಂದು ಕೆಟ್ಟ ಫೈಲ್ ಸಿಕ್ಕ ಕೂಡಲೇ ನಿಂತು ಪ್ರಶ್ನೆ ಕೇಳುತ್ತ ಕೂರುತ್ತದೆ. ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಇದಕ್ಕೆ ಒಳ್ಳೆಯದು. ಹಳೆಯ ಡಿಸ್ಕ್ ಇ, ಹೊಸದು ಎಫ್ ಅಂತಿಟ್ಟುಕೊಳ್ಳಿ:

ರೋಬೊಕಾಪಿ ಇ:\ ಎಫ್:\ನಕಲು /ಇ /ಆರ್:1 /ಡಬ್ಲ್ಯು:1

ನಕಲು ಅನ್ನುವಲ್ಲಿ ನಿಮಗೆ ಬೇಕಾದ ಫೋಲ್ಡರ್ ಹೆಸರು ಕೊಡಿ. ಒಂಟಿ /ಇ ಅಂದರೆ ಒಳಗಿನ ಫೋಲ್ಡರ್‌ಗಳೂ ಬರಲಿ ಅಂತ. ಕೊನೆಯ ಎರಡನ್ನು ಮರೆಯಬೇಡಿ. ಅವು ಇಲ್ಲದಿದ್ದರೆ ರೋಬೊಕಾಪಿ ಓದಲಾಗದ ಒಂದೊಂದು ಫೈಲನ್ನೂ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ತಮಾಷೆಯಲ್ಲ, ಅದರ ಹುಟ್ಟುಗುಣವೇ ಹಾಗೆ. ಲೆಕ್ಕ ಹಾಕಿದರೆ ಒಂದು ಫೈಲಿಗೆ 11 ತಿಂಗಳು ದಾಟುತ್ತದೆ. ಮೇಲಿನ ಹಾಗೆ ಬರೆದರೆ ಒಂದು ಸೆಕೆಂಡ್ ಕಾದು, ಒಂದೇ ಸಲ ಮತ್ತೆ ನೋಡಿ, ಮುಂದಕ್ಕೆ ಹೋಗುತ್ತದೆ.

ಚೆಕ್‌ಡಿಸ್ಕ್‌ನ ಮೆಟ್ಟಿಲುಗಳು

ನಕಲು ಆಯಿತು. ಈಗ ಚೆಕ್‌ಡಿಸ್ಕ್. ಸುಮ್ಮನೆ ಡ್ರೈವ್ ಅಕ್ಷರ, ಅದರ ಮುಂದೆ ಎರಡು ಚುಕ್ಕೆ:

ಸಿಎಚ್‌ಕೆಡಿಎಸ್‌ಕೆ ಇ:

ಹೀಗೆ ಬರೆದರೆ ಬರೀ ನೋಡಿ ಹೇಳುತ್ತದೆ, ಒಂದಕ್ಷರ ತಿದ್ದುವುದಿಲ್ಲ. ಡ್ರೈವ್ ಬಳಕೆಯಲ್ಲಿದ್ದರೆ ಇಲ್ಲದ ತಪ್ಪನ್ನೂ ತೋರಿಸಬಹುದು. ಮುನೀಮರು ಬರೆಯುತ್ತಿರುವಾಗಲೇ ವಹಿ ಇಣುಕಿದರೆ ಲೆಕ್ಕ ತಾಳೆ ಆಗದು, ಹಾಗೆ. ಎನ್‌ಟಿಎಫ್‌ಎಸ್ ಡ್ರೈವ್ ಆದರೆ ಕೊನೆಗೆ ಓರೆಗೆರೆ ಹಾಕಿ ಸ್ಕ್ಯಾನ್ ಅಂತ ಸೇರಿಸಬಹುದು. ಆಗ ಅಂಗಡಿ ಮುಚ್ಚದೆಯೇ, ವಿಂಡೋಸ್ ನಡೆಯುತ್ತಿರುವಾಗಲೇ ತಪಾಸಣೆ ಆಗುತ್ತದೆ.

ಮುಂದಿನ ಮೆಟ್ಟಿಲು:

ಸಿಎಚ್‌ಕೆಡಿಎಸ್‌ಕೆ ಇ: /ಎಫ್

ಇದು ವಹಿ ತಿದ್ದುತ್ತದೆ. ತಿದ್ದುವಾಗ ಬೇರೆ ಯಾರೂ ವಹಿ ಮುಟ್ಟಬಾರದು. ಅದಕ್ಕೇ ಡ್ರೈವ್‌ಗೆ ಬೀಗ ಹಾಕಿಕೊಳ್ಳುತ್ತದೆ. ಸಿ ಡ್ರೈವ್‌ಗೆ ಬೀಗ ಹಾಕಲು ಆಗುವುದಿಲ್ಲ, ವಿಂಡೋಸ್ ಕೂತಿರುವುದೇ ಅಲ್ಲಿ. ಆಗ "ಮುಂದಿನ ಸಲ ಶುರುವಾಗುವಾಗ ಮಾಡಲೇ?" ಎಂದು ಕೇಳುತ್ತದೆ. ವೈ ಒತ್ತಿ ರೀಸ್ಟಾರ್ಟ್ ಮಾಡಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಕೆಲಸ ಮೂರು ಹಂತದಲ್ಲಿ ಸಾಗುತ್ತದೆ. ಮೊದಲು ವಹಿಯ ಮೂಲ ಸಾಲುಗಳು, ಆಮೇಲೆ ಯಾವ ಹೆಸರು ಯಾವ ಫೋಲ್ಡರ್‌ಗೆ ಸೇರಿದ್ದು ಅನ್ನುವುದು, ಕೊನೆಗೆ ಯಾವ ಫೈಲನ್ನು ಯಾರು ತೆರೆಯಬಹುದು ಎಂಬ ಪರವಾನಗಿಗಳು.

ಕೊನೆಯ ಮೆಟ್ಟಿಲು /ಆರ್. ಇದರೊಳಗೆ /ಎಫ್ ಸೇರಿಯೇ ಇದೆ, ಎರಡನ್ನೂ ಬರೆಯುವ ಅಗತ್ಯ ಇಲ್ಲ. ಗಂಜ್‌ನಲ್ಲಿ ಕಬ್ಬಿಣದ ಕೊಳವೆಯಿಂದ ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುತ್ತಾರಲ್ಲ, ಇದೂ ಹಾಗೇ. ವ್ಯತ್ಯಾಸ ಅಂದರೆ ಒಂದೆರಡು ಚೀಲ ನೋಡಿ ಬಿಡುವುದಿಲ್ಲ, 24 ಕೋಟಿಯನ್ನೂ ಚುಚ್ಚುತ್ತದೆ. ಖಾಲಿ ಜಾಗವನ್ನೂ ಬಿಡುವುದಿಲ್ಲ. ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ, ನೆಲ ಕೆಟ್ಟಿದ್ದರೆ ದಿನಗಟ್ಟಲೆ ಹಿಡಿಯಬಹುದು. ಶೇಕಡಾ ಅಂಕಿ ಒಂದೇ ಕಡೆ ನಿಂತಿದೆ ಅಂತ ಬಟನ್ ಒತ್ತಿ ಆರಿಸಬೇಡಿ. ಯುಪಿಎಸ್ ಇಲ್ಲದ ಮನೆಯಲ್ಲಿ, ಕರೆಂಟ್ ಆಡುವ ದಿನದಲ್ಲಿ ಶುರು ಮಾಡಲೂಬೇಡಿ. ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಚಾರ್ಜರ್ ಹಾಕಿ ಮಾಡಿ.

ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್ ಇದ್ದವರಿಗೆ /ಆರ್ ಬೇಕಾಗುವುದು ಅಪರೂಪ. ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಸವೆದ ಜಾಗ ಬಿಟ್ಟು ಮೀಸಲು ಜಾಗ ಬಳಸುವ ಕೆಲಸವನ್ನು ಅದು ಒಳಗೇ ಮಾಡಿಕೊಳ್ಳುತ್ತದೆ. /ಎಫ್ ಸಾಕು.

ಕೆಲವು ಕಡೆ ಕಂಪ್ಯೂಟರ್ ಶುರು ಮಾಡಿದರೆ ದಿನವೂ ಕಪ್ಪು ಪರದೆ ಬಂದು, "ತಪಾಸಣೆ ಬೇಡದಿದ್ದರೆ ಯಾವುದಾದರೂ ಕೀ ಒತ್ತಿ" ಅನ್ನುತ್ತದೆ. ಕೂತವರು ದಿನವೂ ಒತ್ತುತ್ತಾರೆ! ವಹಿ ಸರಿಯಾಗಿ ಮುಚ್ಚದೇ ಹೋದಾಗ ಅಥವಾ ತಪ್ಪು ಕಂಡಾಗ ವಿಂಡೋಸ್ ಡ್ರೈವ್ ಮೇಲೆ ಒಂದು ಗುರುತು ಹಾಕಿರುತ್ತದೆ. ತಪಾಸಣೆ ಮುಗಿಯುವವರೆಗೆ ಆ ಗುರುತು ಹೋಗುವುದಿಲ್ಲ. ಒಂದು ದಿನ ಊಟಕ್ಕೆ ಹೋಗುವಾಗ ಬಿಟ್ಟುಬಿಡಿ. ಮುಗಿದ ಮೇಲೂ ಮರುದಿನ ಅದೇ ಪರದೆ ಬಂದರೆ ಸ್ಮಾರ್ಟ್ ಅಂಕಿ ನೋಡುವ ಹೊತ್ತು ಬಂದಿದೆ.

ವಿಂಡೋಸ್‌ನ ಸ್ವಂತ ಫೈಲ್‌ಗಳು

ಡಿಸ್ಕ್ ಸರಿ ಇದ್ದರೂ ವಿಂಡೋಸ್ ಎಡವುತ್ತಿದ್ದರೆ ಅದರದೇ ಫೈಲ್ ಕೆಟ್ಟಿರಬಹುದು. ಅದಕ್ಕೆ ಎಸ್‌ಎಫ್‌ಸಿ, ಒಂದು ಜಾಗ ಬಿಟ್ಟು ಓರೆಗೆರೆ, ಆಮೇಲೆ ಸ್ಕ್ಯಾನ್‌ನೌ. ಇದು ಒಂದೊಂದು ಸಿಸ್ಟಂ ಫೈಲನ್ನೂ ಒಳ್ಳೆಯ ಮಾದರಿಯ ಜೊತೆ ಹೋಲಿಸಿ, ಕೆಟ್ಟದ್ದನ್ನು ಬದಲಿಸುತ್ತದೆ. ಆ ಮಾದರಿಯೇ ಕೆಟ್ಟಿದ್ದರೆ ಡಿಐಎಸ್‌ಎಂ ಎಂಬ ಇನ್ನೊಂದು ಕಮಾಂಡ್ ಇಂಟರ್‌ನೆಟ್‌ನಿಂದ ಹೊಸ ಮಾದರಿ ತರುತ್ತದೆ. ನಿಮ್ಮ ಫೋಟೊಗಳಿಗೂ ಇವೆರಡಕ್ಕೂ ಸಂಬಂಧ ಇಲ್ಲ.

ಲಿನಕ್ಸ್‌ನಲ್ಲಿ ಎಫ್‌ಎಸ್‌ಸಿಕೆ, ಮ್ಯಾಕ್‌ನಲ್ಲಿ ಡಿಸ್ಕ್‌ಯುಟಿಲ್ ಎಂಬ ಕಮಾಂಡ್‌ಗಳು ಚೆಕ್‌ಡಿಸ್ಕ್‌ನ ಕೆಲಸ ಮಾಡುತ್ತವೆ. ಲಿನಕ್ಸ್‌ನವರು ಒಂದು ಮಾತು ನೆನಪಿಡಬೇಕು. ಬಳಕೆಯಲ್ಲಿರುವ, ಅಂದರೆ ಮೌಂಟ್ ಆಗಿರುವ ಡ್ರೈವ್ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಸರಿ ಇದ್ದ ವಹಿಯೂ ಕೆಡಬಹುದು. ಮೊದಲು ಅನ್‌ಮೌಂಟ್ ಮಾಡಿ.

ಯಾವಾಗ ಏನೂ ಮಾಡಬಾರದು?

ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ಕೆಳಗೆ ಬಿದ್ದಿದ್ದರೆ, ನೀರು ಕುಡಿದಿದ್ದರೆ, ಆರಿಸಿ ಪಕ್ಕಕ್ಕಿಡಿ. ಮುಳ್ಳು ತಟ್ಟೆಯನ್ನು ಕೆರೆಯುತ್ತಿರಬಹುದು. ಒಂದೊಂದು ನಿಮಿಷ ಓಡಿಸಿದಷ್ಟೂ ಒಂದಷ್ಟು ಫೋಟೊ ಪುಡಿಯಾಗುತ್ತವೆ. ಮನೆಯಲ್ಲಿ ಬಿಚ್ಚಬೇಡಿ, ಗಂಜ್‌ನ ಧೂಳಿನಲ್ಲಂತೂ ಬೇಡವೇ ಬೇಡ. ಫ್ರಿಜ್‌ನಲ್ಲಿಡಿ ಅನ್ನುವ ಸಲಹೆಯನ್ನೂ ಕೇಳಬೇಡಿ, ಹೊರತೆಗೆದಾಗ ಒಳಗೆ ನೀರ ಹನಿ ಕಟ್ಟುತ್ತದೆ. ಒಳಗಿರುವುದು ಅಷ್ಟು ಮುಖ್ಯವಾದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಿರಿ. ಖರ್ಚು ಹೊಸ ಡಿಸ್ಕ್‌ಗಿಂತ ಬಹಳ ಜಾಸ್ತಿ ಆಗುತ್ತದೆ ಅಂತ ಮೊದಲೇ ತಿಳಿದಿರಲಿ.

ಕಾಕಾ ಅವರ ಡಿಸ್ಕ್

ರೋಬೊಕಾಪಿ ಸಂಜೆವರೆಗೆ ನಡೆಯಿತು. ಅಂಗಡಿಯ ಬಿಲ್‌ಗಳು, ಹಳೆಯ ಜಾತ್ರೆಯ ಫೋಟೊಗಳು ಎಲ್ಲ ಬಂದವು. ಮದುವೆಯ ಫೋಲ್ಡರ್ ಒಂದೇ ಬರಲಿಲ್ಲ. ಆಮೇಲೆ ನನ್ನ ಲ್ಯಾಪ್‌ಟಾಪ್‌ಗೆ ಹಾಕಿ /ಎಫ್ ಕೊಟ್ಟೆ. ನಡುವೆ ನಿಂತು, ವಾರಸುದಾರರಿಲ್ಲದ ತುಣುಕುಗಳನ್ನು ಫೈಲ್ ಮಾಡಿ ಇಡಲೇ ಅಂತ ಕೇಳಿತು. ಹೂಂ ಅಂದೆ. ಹೆಸರಿಲ್ಲದ ಚೀಲಗಳನ್ನು ಬೀದಿಗೆಸೆಯದೆ ಒಂದು ಮೂಲೆಗೆ ಹಾಕುವುದಷ್ಟೇ ಇದು.

ಮುಗಿದಾಗ ಫೌಂಡ್ ಡಾಟ್ 000 ಎಂಬ ಹೊಸ ಫೋಲ್ಡರ್ ಇತ್ತು. ಇದು ಸಾಮಾನ್ಯವಾಗಿ ಅಡಗಿರುತ್ತದೆ. ಹಿಡನ್ ಫೈಲ್ ತೋರಿಸು ಅಂದರೂ ಕಾಣದಿದ್ದರೆ ವಿಳಾಸ ಪಟ್ಟಿಯಲ್ಲಿ ಹೆಸರು ಹೊಡೆದು ತೆರೆಯಬಹುದು. ಒಳಗೆ ಫೈಲ್0000 ಅಂತ ಶುರುವಾಗುವ ಸಾಲು ಸಾಲು ಹೆಸರು, ಎಲ್ಲದರ ಬಾಲದಲ್ಲಿ ಸಿಎಚ್‌ಕೆ. ಬಾಲ ಕಿತ್ತು ಜೆಪಿಜಿ ಅಂತ ಬದಲಿಸುತ್ತ ಹೋದೆವು. ಕೆಲವು ತೆರೆಯಲೇ ಇಲ್ಲ. ಹಲವು ತೆರೆದವು. ಇನ್ನು ಕೆಲವು ಮೇಲಿನ ಅರ್ಧ ಚೆನ್ನಾಗಿದ್ದು ಕೆಳಗಿನ ಅರ್ಧ ಬೂದಿ ಬಣ್ಣ. ಜೆಪಿಜಿ ಫೋಟೊವನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಬರೆದಿರುತ್ತಾರೆ. ಬಾಲದ ತುಣುಕುಗಳು ಸಿಗದಿದ್ದರೆ ಕೆಳಗಿನ ಭಾಗ ಹೋಗುತ್ತದೆ.

ಅಂಥದೊಂದು ಫೋಟೊ ಮುಂದೆ ಕಾಕಾ ತುಂಬ ಹೊತ್ತು ಕೂತರು. ಮೇಲೆ ಮಗಳು, ಅಳಿಯ, ಬಾಸಿಂಗ. ಎದೆಯಿಂದ ಕೆಳಗೆ ಬರೀ ಬೂದಿ.

"ಸೀರಿ ಹೋದ್ರ ಹೋಗ್ಲಿ ಬಿಡು ತಮ್ಮಾ, ಮಾರಿ ಕಾಣ್ತಾವಲ್ಲ" ಅಂದರು. ಆಮೇಲೆ ಯುಪಿಎಸ್ ಬ್ಯಾಟರಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು.